ಅಡಿಗೊಂದು ಸೂತ

ಕೈ ತಪ್ಪಿದ್ದರೆ ಒಂದು ಹಲಗೆ ಉದ್ದ ಬರಬೇಕಿತ್ತು, ಇನ್ನೊಂದು ಗಿಡ್ಡ ಬರಬೇಕಿತ್ತು. ಒಂಬತ್ತಕ್ಕೆ ಒಂಬತ್ತೂ ಉದ್ದವೇ ಬಂದರೆ ಅದನ್ನು ಕೈಯ ತಪ್ಪು ಎನ್ನುವುದು ಹೇಗೆ? ಸೋಮಾರಿಯ ಕೈಯಾಗಲಿ, ಪುಕ್ಕಲನ ಕೈಯಾಗಲಿ, ಹೀಗೆ ಪಣ ತೊಟ್ಟ ಹಾಗೆ ಒಂದೇ ಕಡೆಗೆ ತಪ್ಪುವುದಿಲ್ಲ. ಹಾಗಾದರೆ ನಿನ್ನೆ ಊಟದ ಹೊತ್ತಿಗೆ ಅಷ್ಟೆಲ್ಲ ಅಂದದ್ದು ಸರಿಯೋ ತಪ್ಪೋ?

ರವಿವಾರ ಬೆಳಿಗ್ಗೆ ಮುಂಬಯಿಯ ಮುಲುಂಡದ ಚಾಳಿನ ಎರಡನೇ ಮಾಳಿಗೆಯಲ್ಲಿ, ಗ್ಯಾಲರಿಯ ಕಟಕಟೆಗೆ ಬೆನ್ನು ಕೊಟ್ಟು ಕೂತ ಅಣವೀರಪ್ಪನ ತಲೆಯಲ್ಲಿ ಇದೇ ತಿರುಗುತ್ತಿತ್ತು. ತೆರೆದ ಬಾಗಿಲಿನೊಳಗೆ, ಗೋಡೆಗೆ ಆನಿಸಿಟ್ಟ ಪ್ಲೈವುಡ್ ಹಲಗೆಗಳು ಕಾಣುತ್ತಿದ್ದವು. ಅವುಗಳ ಪಕ್ಕದಲ್ಲಿ ಹಾಸಿಗೆಗಳ ಸುರುಳಿ, ಸುರುಳಿಯ ಮೇಲೆ ಮೊಮ್ಮಗಳು ಶೀಲಾವತಿಯ ಶಾಲೆಯ ಚೀಲ. ಇದ್ದದ್ದೇ ಎರಡು ಖೋಲಿ. ಹಲಗೆಗಳು ಬಂದ ಮೇಲೆ ಹೊರಗಿನ ಖೋಲಿಯಲ್ಲಿ ಕಾಲು ಚಾಚಲು ಉಳಿದದ್ದು ಅಣವೀರಪ್ಪನ ಮಂಚ ಒಂದೇ.

ಎಲ್ಲ ಶುರುವಾಗಿ ಎರಡು ತಿಂಗಳಾಗಿತ್ತು. ಮಗ ಚಂದ್ರಾಮ ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ, ವಯಸ್ಸು ಮೂವತ್ತೊಂದು. ಒಂದು ಸಂಜೆ ಗ್ರಾಂಟ್ ರೋಡಿನ ಫುಟ್‌ಪಾತಿನಲ್ಲಿ ಹಳೆಯ ಇಂಗ್ಲಿಷ್ ಮಾಸಿಕವೊಂದನ್ನು ಕೊಂಡು ತಂದ. ಅದರಲ್ಲಿ ಮನೆಯಲ್ಲೇ ಕಟ್ಟಬಹುದಾದ ದೊಡ್ಡ ಲೌಡ್‌ಸ್ಪೀಕರಿನ ನಕ್ಷೆ ಇತ್ತು. ಕಪಾಟಿನಷ್ಟು ಎತ್ತರದ ಮರದ ಪೆಟ್ಟಿಗೆ. ಅದರ ಹೊಟ್ಟೆಯಲ್ಲಿ ಕಹಳೆಯನ್ನು ಮಡಚಿ ತುಂಬಿದ ಹಾಗೆ ಹಲಗೆಗಳ ಸುತ್ತುದಾರಿ. ಸಣ್ಣ ಗಂಟಲಲ್ಲಿ ಹುಟ್ಟಿದ ಸದ್ದು ಆ ದಾರಿಯಲ್ಲಿ ಅಗಲವಾಗುತ್ತ ಬಂದು ದೊಡ್ಡ ಬಾಯಿಂದ ಹೊರಬೀಳಬೇಕು. ಮುಂದಿನ ಶನಿವಾರ ಚೋರ್ ಬಜಾರಿನಿಂದ ಸ್ಪೀಕರೂ ಬಂತು. ಕೆಡವಿದ ಯಾವುದೋ ಸಿನಿಮಾ ಥೇಟರಿನದಂತೆ. ಚಂದ್ರಾಮ ಅದನ್ನು ಮಗುವನ್ನು ಹೊತ್ತ ಹಾಗೆ ಎದೆಗವಚಿಕೊಂಡು ಲೋಕಲ್‌ನಲ್ಲಿ ನಿಂತೇ ಬಂದಿದ್ದ.

"ಇದೇನೋ, ರುಬ್ಬೋ ಕಲ್ಲೇನು?" ಎಂದಳು ತಾಯಿ ಹಾಲವ್ವ.

"ಸ್ಪೀಕರ್, ಯವ್ವಾ."

"ಥೇಟರಿನ್ಯಾಗ ಸಾವಿರ ಮಂದಿ ಕೇಳೂವಂಥಾದ್ದು. ನಮ್ಮನ್ಯಾಗ ಅದೀವಿ ಐದು ಮಂದಿ."

"ಐದು ಮಂದಿಗೆ ಮೆತ್ತಗ ಕೇಳಸ್ತದ."

ಚಾಳಿನವರು ಅದಕ್ಕೆ ಭೋಂಗಾ, ಎಂದರೆ ಕಹಳೆ, ಎಂದು ಹೆಸರಿಟ್ಟರು. ಹೆಸರು ಮನೆಯೊಳಗೂ ಬಂತು.

ಅಣವೀರಪ್ಪನಿಗೆ ಭೋಂಗಾದ ಮೇಲೆ ಸಿಟ್ಟಿರಲಿಲ್ಲ. ತನ್ನನ್ನು ಯಾರೂ ಕರೆಯಲಿಲ್ಲವಲ್ಲ, ಅದು ಚುಚ್ಚುತ್ತಿತ್ತು. ಭಾಂಡುಪಿನ ಒಂದು ಎರಕದ ಕಾರಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಅವನು ಪ್ಯಾಟರ್ನ್ ಮೇಕರ್ ಆಗಿದ್ದ. ಯಂತ್ರದ ಭಾಗ ಯಾವುದೇ ಇರಲಿ, ಮೊದಲು ಅದನ್ನು ಸಾಗವಾನಿಯಲ್ಲಿ ಕೆತ್ತಬೇಕು. ಆ ಮರದ ಅಚ್ಚನ್ನು ಉಸುಕಿನಲ್ಲಿ ಒತ್ತಿ, ಬಿದ್ದ ಗುಂಡಿಗೆ ಕಾದ ಕಬ್ಬಿಣ ಹೊಯ್ಯಬೇಕು. ಅಚ್ಚು ಕೆತ್ತುವವರಲ್ಲಿ ಅಣವೀರಪ್ಪನ ಕೈ ಎಂದರೆ ಒಂದು ಮಾತಿತ್ತು. ಆದರೆ ಆ ಕೆಲಸದ ಹತ್ಯಾರಗಳನ್ನು ಮಗ ಮುಟ್ಟದ ಹಾಗೆ ನೋಡಿಕೊಂಡವನೂ ಅವನೇ. "ಈ ಧೂಳು ನನಗ ಸಾಕು. ನೀ ಪೆನ್ನ ಹಿಡಿ," ಎಂದಿದ್ದ. ಮಗ ಪೆನ್ನು ಹಿಡಿದ. ಈಗ ಕೆಳಗಿನ ಮಾಳಿಗೆಯವರ ಗರಗಸ ಇಸಕೊಂಡು ತಂದು, ನಿವೃತ್ತನಾದ ಅಪ್ಪ ಮಂಚದ ಮೇಲೆ ಕೂತು ನೋಡುತ್ತಿರುವಾಗಲೇ, ಕೇಳದೆ ಕೊಯ್ಯುತ್ತಿದ್ದ.

ಒಂದು ದಿನ ತಡೆಯಲಾಗಲಿಲ್ಲ. ಚಂದ್ರಾಮ ಹೆಂಡತಿ ಕಾಶವ್ವನ ಹೊಲಿಗೆಯ ಟೇಪಿನಿಂದ ಹಲಗೆ ಅಳೆಯುತ್ತಿದ್ದ. ಅಣವೀರಪ್ಪ ಮಂಚದ ಕೆಳಗಿನ ಪೆಟ್ಟಿಗೆ ಎಳೆದು, ಎರಡಡಿಯ ಉಕ್ಕಿನ ಪಟ್ಟಿ ತೆಗೆದು ಮಗನ ಮುಂದೆ ಹಿಡಿದ.

"ಅದು ಪೋಲ್ಕಾ ಅಳೀಲಾಕ. ಇದನ್ನ ಹಿಡಿ. ಮೂವತ್ನಾಕು ವರ್ಷ ನನ್ನ ಅನ್ನ ಅಳದ ಪಟ್ಟಿ."

ಚಂದ್ರಾಮ ಅದನ್ನು ಎರಡೂ ಕೈಯಲ್ಲಿ ಇಸಕೊಂಡಿದ್ದ.

ಪೆಟ್ಟಿಗೆಯ ಹೊರಹಲಗೆಗಳನ್ನು ಕಟ್ಟಿಗೆಯ ವಖಾರಿಯವನೇ ಕೊಯ್ದು ಕೊಟ್ಟಿದ್ದ. ಒಳಗಿನ ಒಂಬತ್ತನ್ನು ಚಂದ್ರಾಮ ಮನೆಯಲ್ಲಿ, ಆ ಪಟ್ಟಿಯಿಂದಲೇ ಅಳೆದು ಕೊಯ್ದ. ನಿನ್ನೆ ಶನಿವಾರ ಜೋಡಿಸಲು ಕೂತರೆ ಒಳಗಿನ ಯಾವ ಹಲಗೆಯೂ ಹೊರಗಿನ ಚೌಕಟ್ಟಿನೊಳಗೆ ಕೂರಲಿಲ್ಲ. ಅಂಚು ಹೆರೆಯಲು ಹೋಗಿ ಪ್ಲೈವುಡ್ ಸೀಳಿತು. ನಾಲ್ಕು ಹಲಗೆ ಹಾಳಾದವು.

ಊಟಕ್ಕೆ ಕೂತಾಗ ಚಂದ್ರಾಮ ಮೆಲ್ಲಗೆ ಕೇಳಿದ್ದ. "ಅಪ್ಪಾ, ಆ ಪಟ್ಟಿ ಸರಿ ಅದಲ್ಲಾ?"

"ಏನಂದಿ?"

"ಅಲ್ಲ, ವಖಾರಿಯಂವಾ ಕೊಯ್ದವು ಸರಿ ಬಂದಾವ. ನಾ ಕೊಯ್ದವಷ್ಟ..."

"ಕುಣೀಲಾಕ ಬರದಾಕಿ ನೆಲ ಡೊಂಕು ಅಂದ್ಲಂತ! ಉಕ್ಕಿನ ಪಟ್ಟಿ ತಪ್ಪತದೇನಲೇ? ಕೈ ತಪ್ಪತದ. ಕಾರಕೂನನ ಕೈ."

ರೇಷನ್ನಿನ ಕೆಂಪು ಜೋಳದ ರೊಟ್ಟಿ ಮೊದಲೇ ಮುರಿಯುವಂಥದ್ದು. ಚಂದ್ರಾಮನ ಕೈಯಲ್ಲಿ ಅದು ಪುಡಿಪುಡಿಯಾಯಿತು. ಕಾಶವ್ವ ಶೇಂಗಾ ಹಿಂಡಿಯ ಬಟ್ಟಲು ಹಿಡಿದು ಗಂಡನ ಹತ್ತಿರ ಬಗ್ಗಿ, "ಹಾಕ್ಲೇನ್ರಿ?" ಎಂದಳು. ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದ.

ಆ ಮಾತೇ ಈಗ ಅಣವೀರಪ್ಪನನ್ನು ಗ್ಯಾಲರಿಯಲ್ಲಿ ಕೂರಲು ಬಿಡುತ್ತಿರಲಿಲ್ಲ.

ಮನೆಯವರೆಲ್ಲ ಸಾಂತಾಕ್ರೂಜಿನಲ್ಲಿದ್ದ ಕಾಶವ್ವನ ಅಕ್ಕನ ಮನೆಗೆ ಊಟಕ್ಕೆ ಹೊರಟರು. ಮೊಣಕಾಲು ನೋವೆಂದು ಅವನು ಉಳಿದ. ಜಿನೆಯ ಮೆಟ್ಟಿಲಲ್ಲಿ ಅವರ ಹೆಜ್ಜೆ ಸದ್ದು ಅಡಗಿದ ಮೇಲೆ ಒಳಗೆ ಹೋಗಿ ಪೆಟ್ಟಿಗೆ ಎಳೆದ.

ಅವನ ಹತ್ತಿರ ಉಕ್ಕಿನ ಪಟ್ಟಿಗಳು ಎರಡಿದ್ದವು. ಒಂದು ಎಲ್ಲರ ಹತ್ತಿರ ಇರುವಂಥದ್ದು. ಇನ್ನೊಂದು ಪ್ಯಾಟರ್ನ್ ಮಾಡುವವರ ಹತ್ತಿರ ಮಾತ್ರ ಇರುವಂಥದ್ದು. ಕಾರಖಾನೆಯಲ್ಲಿ ಅದಕ್ಕೆ ಶ್ರಿಂಕ್ ಪಟ್ಟಿ ಎನ್ನುತ್ತಿದ್ದರು. ಕಾದ ಕಬ್ಬಿಣ ಆರುವಾಗ ಕುಗ್ಗುತ್ತದೆ. ಅಡಿಗೆ ಒಂದು ಸೂತ, ಅಂದರೆ ಇಂಚಿನ ಎಂಟನೇ ಒಂದು ಪಾಲು. ಅದಕ್ಕಾಗಿ ಮರದ ಅಚ್ಚನ್ನು ಅಷ್ಟು ದೊಡ್ಡದಾಗಿಯೇ ಕೆತ್ತಬೇಕು. ಪ್ರತಿಸಲ ಲೆಕ್ಕ ಹಾಕುತ್ತ ಕೂರುವುದು ಬೇಡವೆಂದು, ಶ್ರಿಂಕ್ ಪಟ್ಟಿಯಲ್ಲಿ ಗೆರೆಗಳನ್ನೇ ಅಷ್ಟಷ್ಟು ದೂರ ಹೊಡೆದಿರುತ್ತಾರೆ. ನೋಡಲು ಎರಡೂ ಒಂದೇ. ಅದರ ಒಂದು ಅಡಿ ಮಾತ್ರ ಲೋಕದ ಒಂದು ಅಡಿಗಿಂತ ಒಂದು ಸೂತ ದೊಡ್ಡದು.

ಸಾದಾ ಪಟ್ಟಿ ಮೇಲೆ, ಶ್ರಿಂಕ್ ಪಟ್ಟಿ ತಳದಲ್ಲಿ. ಮೂವತ್ತನಾಲ್ಕು ವರ್ಷ ಕಾರಖಾನೆಯ ಅವನ ಹತ್ಯಾರದ ಖಾನೆಯಲ್ಲಿ ಅದೇ ಶಿಸ್ತು. ನಿವೃತ್ತಿಯ ದಿನ ಹಾರ ಹಾಕಿದ ಗೆಳೆಯರು ಖಾನೆಯನ್ನು ಪೆಟ್ಟಿಗೆಗೆ ಬೋರಲು ಸುರಿದು ಕೊಟ್ಟಿದ್ದರು. ಆಗ ತಳದ್ದು ಮೇಲಾಗಿತ್ತು. ಮೇಲೆ ಸಿಕ್ಕಿದ್ದನ್ನು ಅವನು ಮಗನಿಗೆ ಕೊಟ್ಟಿದ್ದ. ಪಟ್ಟಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಓದಬಹುದಿತ್ತು. ಆದರೆ ಒಂದು ವರ್ಷದಿಂದ ಎಡಗಣ್ಣಿಗೆ ಪರೆ ಬಂದಿತ್ತು, ಬಲಗಣ್ಣಿಗೂ ಬರುತ್ತಿತ್ತು. ಅದನ್ನು ಅವನು ಮನೆಯಲ್ಲಿ ಯಾರಿಗೂ ತಿಳಿಸಿರಲಿಲ್ಲ.

ಕಣ್ಣಿನ ಕೆಲಸವನ್ನು ಉಗುರಿಗೆ ಕೊಟ್ಟ. ಮಗನಿಗೆ ಕೊಟ್ಟದ್ದು, ಪೆಟ್ಟಿಗೆಯಲ್ಲಿ ಉಳಿದದ್ದು, ಎರಡೂ ಪಟ್ಟಿಗಳ ಒಂದು ತುದಿಯನ್ನು ಗೋಡೆಗೆ ಒತ್ತಿ, ಜೋಡಿಸಿ, ಇನ್ನೊಂದು ತುದಿಯ ಮೇಲೆ ಹೆಬ್ಬೆರಳ ಉಗುರು ಎಳೆದ. ಉಗುರು ತಡೆಯಿತು. ಮತ್ತೆ ಎಳೆದ. ಮತ್ತೆ ತಡೆಯಿತು. ಎರಡಡಿಗೆ ಎರಡು ಸೂತ.

ಅಣವೀರಪ್ಪ ನೆಲದ ಮೇಲೆ ಬಹಳ ಹೊತ್ತು ಕೂತ. ಕಾಶವ್ವ ಮುಚ್ಚಿಟ್ಟು ಹೋದ ಝುಣಕ-ರೊಟ್ಟಿ ಹಾಗೇ ಉಳಿಯಿತು. ಸಂಜೆ ಬಂದ ಕೂಡಲೇ ಹೇಳಿಬಿಡುವುದು ಎಂದು ಗಟ್ಟಿ ಮಾಡಿಕೊಂಡ. ಹೇಗೆ ಹೇಳುವುದೆಂದು ಎರಡು ಸಲ ಬಾಯೊಳಗೆ ಅಂದುಕೊಂಡೂ ನೋಡಿದ.

ಸಂಜೆ ಚಂದ್ರಾಮ ಚಪ್ಪಲಿ ಬಿಡುವ ಮೊದಲೇ ಬಾಯಿ ತೆರೆದ. ದಾರಿಯುದ್ದಕ್ಕೂ ಅವನೂ ಏನನ್ನೋ ಗಟ್ಟಿ ಮಾಡಿಕೊಂಡು ಬಂದಂತಿತ್ತು.

"ಅಪ್ಪಾ, ನೀ ಅಂದದ್ದು ಖರೆ. ನನಗ ಕೈ ಇಲ್ಲ. ನೀ ಕಲಿಸು."

"ಏನ್ ಕಲಿಸ್ಲಿ?"

"ಎಲ್ಲಾ. ಗರಗಸ ಹ್ಯಾಂಗ ಹಿಡೀಬೇಕು ಅಲ್ಲಿಂದ. ಆಫೀಸಿನಿಂದ ಬಂದು ದಿನಾ ಕೂಡ್ತೀನಿ."

ಅಣವೀರಪ್ಪನ ಬಾಯಿಗೆ ಬಂದ ಮಾತು ಬಾಯಲ್ಲೇ ಉಳಿಯಿತು. ಈ ಮಗ ಅವನನ್ನು ಏನಾದರೂ ಕಲಿಸು ಎಂದು ಕೇಳಿ ಎಷ್ಟು ವರ್ಷವಾಗಿತ್ತು? ಕೇಳಿದ್ದುಂಟೇ? ನಾಳೆ ಹೇಳಿದರಾಯಿತು ಎಂದುಕೊಂಡ.

"ಮೊದಲು ಕೂಡೂದು ಕಲಿ," ಎಂದ. "ಮಂಡಿ ಹಲಗಿ ಮ್ಯಾಲ ಇರಬೇಕು. ಹದಿನೈದು ದಿನ ಅಳತಿ ಸುದ್ದಿ ಬ್ಯಾಡ. ಬರೇ ಚೂರಿನ ಮ್ಯಾಲ ಕೈ ತಿರುಗ್ಲಿ."

ಹೀಗೆ ಶುರುವಾಯಿತು. ಏಳರ ಹೊತ್ತಿಗೆ ಚಂದ್ರಾಮ ಸ್ಟೇಶನ್ನಿನಿಂದ ಬರುವನು. ಅಂಗಿ ಕಳಚಿ, ಮುಖಕ್ಕೆ ನೀರು ಸೋಕಿಸಿ, ಚಹಾದ ಬಟ್ಟಲು ಹಿಡಿದು ನೆಲಕ್ಕೆ ಕೂರುವನು. ಅಣವೀರಪ್ಪ ಐದೂವರೆಯಿಂದಲೇ ಗ್ಯಾಲರಿಯಲ್ಲಿ ನಿಂತು ಲೋಕಲ್ ಎಣಿಸುತ್ತಿದ್ದ. ಹಾಳಾದ ಹಲಗೆಗಳ ಮೇಲೆ ಚಾಕುವಿನಿಂದ ಗೆರೆ ಕೊರೆಸಿದ. ಪೆನ್ಸಿಲ್ ಗೆರೆ ದಪ್ಪ, ಅದು ಸುಳ್ಳು ಹೇಳುತ್ತದೆ ಎಂದ. ಗರಗಸವನ್ನು ಒತ್ತಬಾರದು, ಅದರ ತೂಕವೇ ಕೊಯ್ಯಬೇಕು ಎಂದ.

"ಗೆರಿ ಸಾಯಬಾರ್ದು. ಗೆರಿ ಬಾಜೂಕ್ಕ ಹೋಗ್ಬೇಕು. ಕೊಯ್ದ ಮ್ಯಾಲೂ ಅರ್ಧಾ ಗೆರಿ ಜೀವಂತ ಕಾಣ್ಬೇಕು."

"ಇಷ್ಟೆಲ್ಲಾ ನೀ ಮೊದಲ ಯಾಕ ಹೇಳ್ಲಿಲ್ಲ?"

"ನೀ ಕೇಳ್ಲಿಲ್ಲ."

"ನೀ ಮುಟ್ಟಬ್ಯಾಡ ಅಂದಿದ್ದಿ."

ಅಣವೀರಪ್ಪ ಮಗನ ಮೊಣಕೈ ಹಿಡಿದು ಇಷ್ಟು ಒಳಗೆ ಸರಿಸಿದ. ಆ ಮೊಣಕೈಯನ್ನು ಮುಟ್ಟಿ ಎಷ್ಟೋ ವರ್ಷವಾಗಿತ್ತು.

ಪಕ್ಕದ ಖೋಲಿಯ ಇಂದ್ರಾಬಾಯಿ ನೀರು ತುಂಬಲು ಹೋಗುವಾಗಲೆಲ್ಲ ಬಾಗಿಲಲ್ಲಿ ನಿಂತು, ಭೋಂಗಾ ಯಾವಾಗ ನುಡಿಯುವುದೆಂದು ಮರಾಠಿಯಲ್ಲಿ ಕೇಳುವಳು: "ಕಾಯ ಆಜೋಬಾ, ಭೋಂಗಾ ಕಧೀ ವಾಜಣಾರ?"

"ವಾಜೇಲ, ವಾಜೇಲ, ಬಾಯಿ," ಎನ್ನುವನು ಅಣವೀರಪ್ಪ. ನುಡಿಯುತ್ತದೆ, ನುಡಿಯುತ್ತದೆ. ಶೀಲಾವತಿ ಅದನ್ನೇ ಹಾಡು ಮಾಡಿಕೊಂಡು ಗ್ಯಾಲರಿಯ ಆ ತುದಿಯಿಂದ ಈ ತುದಿಗೆ ಓಡುವಳು.

ಒಂದು ಸಂಜೆ ಮಾತ್ರ ದೊಡ್ಡ ಜಗಳವಾಯಿತು. ಅಂಟಿಸುವುದನ್ನು ಕಲಿಸಲು ಅಣವೀರಪ್ಪ ಸರೇಸು ತರಿಸಿ, ಹಳೆಯ ಪಾತೆಲಿಯಲ್ಲಿ ಹಾಕಿ ಸ್ಟೋವಿನ ಮೇಲೆ ಕುದಿಸಲು ಇಟ್ಟ. ನಾತ ಒಳಗಿನ ಖೋಲಿಗೆ ಹೋಗಿ ದೇವರ ಜಗಲಿಯ ಊದುಬತ್ತಿಯನ್ನೂ ಮೀರಿತು. ಹಾಲವ್ವ ಮೂಗಿಗೆ ಸೆರಗು ಹಿಡಿದು ಬಂದಳು.

"ಏನ್ರೀ ಇದು? ಎಂಥಾ ನಾತ?"

"ಅಂಟು."

"ಯಾತರ ಅಂಟು?"

ಅಣವೀರಪ್ಪ ಪಾತೆಲಿಯೊಳಗೆ ಕೋಲು ತಿರುವಿದ. ಚಂದ್ರಾಮ ತಡೆಯದೆ ಹೇಳಿಬಿಟ್ಟ. "ಎಲುಬು, ಚರ್ಮ ಕುದಿಸಿ ಮಾಡ್ತಾರ, ಯವ್ವಾ."

"ಶಿವ ಶಿವಾ! ನನ್ನ ಒಲಿ ಮ್ಯಾಲ?" ಹಾಲವ್ವ ಸ್ಟೋವನ್ನು ಕಾಲಿನಿಂದ ಒದೆಯುವುದೊಂದು ಬಾಕಿ. ಆಮೇಲೆ ಇನ್ನೊಂದು ಹೊಳೆಯಿತು. "ಅಂದ್ರ ಮೂವತ್ನಾಕು ವರ್ಷ ಇದನ್ನ ಕಲಸಿ ಬಂದ ಕೈಲೇ ನಮ್ಮನ್ಯಾಗ ಉಂಡ್ರೇನು?"

"ತೊಳಕೊಂಡು ಉಂಡೀನಿ."

"ಒಂದು ದಿನಾನಾದ್ರೂ ಅಂದ್ರೇನು ಈ ಮನಷ್ಯಾ? ಕೇಳವ್ವ ಕಾಶವ್ವಾ, ಹೇಳದ ಮಾತು ಇನ್ನಾ ಎಷ್ಟು ಇಟ್ಟಾರೋ ಆ ಪೆಟ್ಟಿಗ್ಯಾಗ!"

ಹಾಲವ್ವ ಸುಮ್ಮನೆ ಅಂದ ಮಾತು ಅದು. ಅಣವೀರಪ್ಪ ಮಾತ್ರ ಮಂಚದ ಕೆಳಗಿನ ಪೆಟ್ಟಿಗೆಯನ್ನು ಕಾಲಿನಿಂದ ಇನ್ನಷ್ಟು ಒಳಗೆ ಸರಿಸಿದ. ಸ್ಟೋವು ಗ್ಯಾಲರಿಗೆ ಹೋಯಿತು, ಪಾತೆಲಿ ಮನೆಯೊಳಗೆ ಮತ್ತೆ ಬರಬಾರದೆಂದು ತೀರ್ಮಾನವಾಯಿತು, ಮರುದಿನ ಹಾಲವ್ವ ಸ್ಟೋವನ್ನು ಬೂದಿಯಿಂದ ಮೂರು ಸಲ ತಿಕ್ಕಿದಳು. ಊಟಕ್ಕೆ ಮಾತ್ರ ಎಂದಿನಂತೆ ಗಂಡನಿಗೇ ಮೊದಲ ರೊಟ್ಟಿ ಹಾಕಿದಳು.

ಎರಡನೇ ವಾರದ ಶುಕ್ರವಾರ ಚಂದ್ರಾಮ ಹೊಸ ಪ್ಲೈವುಡ್ಡಿನ ಮಾತೆತ್ತಿದ. ತರಬೇಕು, ಆದರೆ ಈ ತಿಂಗಳು ಆಗಲಿಕ್ಕಿಲ್ಲ. ಕಾಶವ್ವ ಎದ್ದು ಹೋಗಿ ಸಾಸಿವೆ ಡಬ್ಬಿಯ ಹಿಂದಿನಿಂದ ಒಂದು ಗಂಟು ತಂದು ಗಂಡನ ಮುಂದಿಟ್ಟಳು. ಟೇಬಲ್ ಫ್ಯಾನಿಗೆಂದು ಪೋಲ್ಕಾ ಹೊಲಿದು ಕೂಡಿಸಿದ್ದು.

"ಬ್ಯಾಡ," ಎಂದ ಚಂದ್ರಾಮ. "ಉನ್ಹಾಳಿ ಬಿಸಲು ಬರ್ತದ."

"ಬರ್ಲಿ. ಏಳು ವರ್ಷಾತು ನಾ ಈ ಮನೀಗೆ ಬಂದು. ನೀವು, ಮಾವಾರು ಈ ಎರಡು ವಾರದಾಗ ಆಡಿದಷ್ಟು ಮಾತು ಏಳು ವರ್ಷದಾಗ ಆಡಿಲ್ಲ. ಒಳಗ ರೊಟ್ಟಿ ಬಡಕೋತ ಕೇಳ್ತಿರ್ತೀನಿ. ಫ್ಯಾನಿನಕಿಂತ ಅದ ತಂಪದ."

ಮಂಚದ ಮೇಲೆ ಗೋಡೆಯ ಕಡೆ ಹೊರಳಿದ್ದ ಅಣವೀರಪ್ಪ ಕಣ್ಣು ಮುಚ್ಚಿಯೇ ಇದ್ದ. ನಿದ್ದೆ ಬಂದಿರಲಿಲ್ಲ. ಇಂಥ ಸೊಸೆಯ ಗಂಟು ತಪ್ಪು ಪಟ್ಟಿಯ ಕೆಳಗೆ ಹೋಗಬಾರದು. ಒಂದು ಉಪಾಯ ಮಾಡಿಕೊಂಡ. ಸಾದಾ ಪಟ್ಟಿಯನ್ನು ಪೆಟ್ಟಿಗೆಯಿಂದ ತೆಗೆದು ತನ್ನ ಗಾದಿಯ ಕೆಳಗೆ ಇಟ್ಟುಕೊಂಡ. ರವಿವಾರ ಮಗ ಗುರುತು ಹಾಕಲು ಕೂತಾಗ ಅದನ್ನು ಕೈಗೆ ಕೊಡುವುದು. ಎರಡೂ ನೋಡಲು ಒಂದೇ. ಹಲಗೆಗಳು ಸರಿಯಾಗಿ ಬರುತ್ತವೆ, ಕಲಿಸಿದ್ದರಿಂದ ಬಂದವು ಎನ್ನುತ್ತಾರೆ, ಮಾತು ಮುಗಿಯುತ್ತದೆ.

ರವಿವಾರ ಬಂತು. ಚಂದ್ರಾಮ ಹೊಸ ಪ್ಲೈವುಡ್ಡನ್ನು ನೆಲಕ್ಕೆ ಹಾಸಿ ಮಂಡಿಯೂರಿದ. ಉಕ್ಕಿನ ಪಟ್ಟಿ ಅವನ ಪಕ್ಕದಲ್ಲೇ ಇತ್ತು. ಅಣವೀರಪ್ಪನ ಕೈ ಗಾದಿಯ ಕೆಳಗೆ ಹೋಗುವಷ್ಟರಲ್ಲಿ ಮಗ ಒಂದು ಸಣ್ಣ ವಹಿ ತೆರೆದ.

"ಅಪ್ಪಾ, ಈ ಸಲ ತಪ್ಪಂಗಿಲ್ಲ. ನನ್ನ ಕೈ ಎಷ್ಟು ತಪ್ಪತದ ಅಂತ ಲೆಕ್ಕಾ ತಗದೀನಿ."

"ಏನ್ ಲೆಕ್ಕಾ?"

"ಹಳೇ ಹಲಗಿ ಎಲ್ಲಾ ಚೌಕಟ್ಟಿಗೆ ಹಿಡದು ನೋಡಿದೆ. ಮೂರಡಿದು ಮೂರು ಸೂತ ಹೆಚ್ಚ. ಎರಡಡಿದು ಎರಡು ಸೂತ. ಅಂದ್ರ ಅಡಿಗೊಂದು ಸೂತ. ನನ್ನ ಕೈ ಗುಣಾನ ಅಷ್ಟು." ಚಂದ್ರಾಮ ನಾಚಿಕೆಯಿಂದ ನಕ್ಕ. "ಕೆಲವರಿಗೆ ಕಾಲು ಉದ್ದಾಗಿಡ್ಡಾ ಇರ್ತಾವಲ್ಲ, ಹಂಗ. ಅದಕ್ಕ ಮೂರಡಿ ಬೇಕಾದಲ್ಲಿ ಮೂರು ಸೂತ ಕಡಿಮಿ ಗುರುತು ಹಾಕ್ತೀನಿ. ನನ್ನ ತಪ್ಪು ತಾನ ಅದನ್ನ ತುಂಬತದ."

ಅಣವೀರಪ್ಪನ ಕೈ ಗಾದಿಯ ಕೆಳಗೇ ನಿಂತಿತು. ಈಗ ಸಾದಾ ಪಟ್ಟಿ ಕೊಟ್ಟರೆ ಹಲಗೆಗಳು ಗಿಡ್ಡ ಬರುತ್ತವೆ. ಏನೂ ಮಾಡದೆ ಸುಮ್ಮನಿದ್ದರೆ, ದೊಡ್ಡ ಪಟ್ಟಿ ಮತ್ತು ಕಡಿಮೆ ಗುರುತು ಕೂಡಿ, ಎಲ್ಲ ಕೂದಲೆಳೆಯಷ್ಟೂ ತಪ್ಪದೆ ಕೂರುತ್ತವೆ. ಸೊಸೆಯ ಗಂಟು ಹಾಳಾಗುವುದಿಲ್ಲ. ಪಟ್ಟಿಯ ಸುದ್ದಿ ಯಾರಿಗೂ ಗೊತ್ತಾಗುವುದಿಲ್ಲ. ಸುಮ್ಮನೆ ಕೂತಿದ್ದರೆ ಸಾಕು.

ಮಗ ಮಾತ್ರ ಸಾಯುವ ತನಕ, ತನ್ನ ಕೈ ಅಡಿಗೊಂದು ಸೂತ ತಪ್ಪುವ ಕೈ ಎಂದು ನಂಬಿಕೊಂಡಿರುತ್ತಾನೆ. ಆಗಲೇ ವಹಿಯಲ್ಲಿ ಬರೆದುಕೊಂಡೂ ಆಗಿದೆ.

"ತಡಿ," ಎಂದ ಅಣವೀರಪ್ಪ. ದನಿ ತನಗೇ ಗುರುತು ಸಿಗದಷ್ಟು ಒರಟಾಗಿತ್ತು. "ಚಾಕು ಕೆಳಗಿಡು. ನಿನ್ನ ಕೈ ಸುದ್ದ ಅದ. ಪಟ್ಟಿ ತಪ್ಪ ಅದ."

"ಆಂ?"

ಅವನು ಮಂಚದಿಂದಿಳಿದು, ಗಾದಿಯ ಕೆಳಗಿನ ಪಟ್ಟಿಯನ್ನು ಮಗನ ಪಕ್ಕದಲ್ಲಿದ್ದ ಪಟ್ಟಿಗೆ ಜೋಡಿಸಿ, ಮಗನ ಹೆಬ್ಬೆರಳನ್ನು ಹಿಡಿದು ತುದಿಯ ಮೇಲೆ ಎಳೆದ. ಉಗುರು ತಡೆಯಿತು. ಕಬ್ಬಿಣ ಕುಗ್ಗುವುದನ್ನು, ಶ್ರಿಂಕ್ ಪಟ್ಟಿಯನ್ನು, ಪೆಟ್ಟಿಗೆ ಬೋರಲು ಬಿದ್ದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದ. ಅಕ್ಷರ ಕಾಣಲಿಲ್ಲ ಎಂದೂ ಹೇಳಬೇಕಾಯಿತು.

"ಕಾಣ್ಲಿಲ್ಲಂದ್ರ?" ಒಳಗಿನಿಂದ ಕಾಶವ್ವ ಹಿಟ್ಟಿನ ಕೈಯಲ್ಲೇ ಬಂದಳು. "ಮಾವಾರ, ಎಂದಿನಿಂದ ಕಾಣ್ವಲ್ದು?"

"ಒಂದು ವರ್ಷಾತು."

ಚಂದ್ರಾಮ ಎದ್ದು ಹೋಗಿ ಹಾಳಾಗದೆ ಉಳಿದಿದ್ದ ಹಳೆಯ ಹಲಗೆಗಳನ್ನು ತಂದ. ದೊಡ್ಡ ಪಟ್ಟಿ ಇಟ್ಟು ಒಂದೊಂದನ್ನೇ ಅಳೆದ. ಐದೂ ಆ ಪಟ್ಟಿಯ ಲೆಕ್ಕಕ್ಕೆ ಗೆರೆಗೆ ಗೆರೆ ಸರಿಯಾಗಿದ್ದವು. ಅಣವೀರಪ್ಪ ಬೈಗುಳ ಕಾಯುತ್ತ ತಲೆ ತಗ್ಗಿಸಿ ಕೂತಿದ್ದ. ಆದರೆ ಚಂದ್ರಾಮ ನಗಲು ಶುರುಮಾಡಿದ. ಮೊದಲು ಸಣ್ಣಗೆ, ಆಮೇಲೆ ಹಲಗೆಯ ಮೇಲೆ ಕೈ ಬಡಿದು.

"ಅಂದ್ರ ನಾ ಸರೀನ ಕೊಯ್ದಿದ್ದೆ! ಅಪ್ಪಾ, ಯಾರೂ ಕಲಿಸಲಾರದ, ಒಂಬತ್ತೂ ಸರಿ ಕೊಯ್ದಿದ್ದೆ ನಾ!"

"ಕೊಯ್ದಿದ್ದಿ."

"ಏನ್ರೀ," ಎಂದಳು ಹಾಲವ್ವ ಒಳಗಿನಿಂದ, ಮೊರದಲ್ಲಿ ಜೋಳ ಕೇರುವುದನ್ನು ನಿಲ್ಲಿಸದೆ. "ಕಡೀಗೆ ನೆಲಾನ ಡೊಂಕಿತ್ತೇನು?"

ಕಾಶವ್ವ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು. ಅಲ್ಲಿಂದ ಅವಳ ನಗೆ ಕೇಳಿಸಿತು. ಅಣವೀರಪ್ಪನಿಗೂ ತುಟಿ ಅರಳಿತು. ಕಣ್ಣಲ್ಲಿ ನೀರೂ ಬಂತು.

"ನಂದು ತಪ್ಪಾತು," ಎಂದ, ಹಲಗೆ ನೋಡುತ್ತ.

"ಬಿಡಪಾ." ಚಂದ್ರಾಮ ವಹಿಯ ಆ ಹಾಳೆ ಹರಿದ. "ನೀ ಕಲಿಸಿದ್ದೇನು ದಂಡ ಆತೇನು? ಆಗ ಪಟ್ಟಿ ಲೆಕ್ಕಕ್ಕ ಸರಿ ಕೊಯ್ದಿದ್ದೆ, ಅಂಚು ಮಾತ್ರ ಇಲಿ ಕಡದಂಗ ಇದ್ವು. ಈಗ ನೋಡು." ಆಮೇಲೆ ಏನೋ ನೆನಪಾಗಿ ಕೇಳಿದ: "ನಿನಗ ಯಾವಾಗ ಗೊತ್ತಾತು?"

"ಈಗ. ನೀ ಅಡಿಗೊಂದು ಸೂತ ಅಂದ ಮ್ಯಾಲ."

ಚಂದ್ರಾಮ ತಲೆಯಾಡಿಸಿ ಸಾದಾ ಪಟ್ಟಿ ಕೈಗೆತ್ತಿಕೊಂಡ.

ಅಂದು ಅಪ್ಪ ಮಗ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ಖೋಲಿ ತುಂಬ ಹಲಗೆ ಹಾಸಿತ್ತು. ಎರಡು ತಟ್ಟೆ ಇಡಲು ಜಾಗವಿರಲಿಲ್ಲ.

ಜೋಡಿಸಲು ಇನ್ನೂ ಮೂರು ವಾರ ಹಿಡಿಯಿತು. ಸರೇಸು ಗ್ಯಾಲರಿಯಲ್ಲೇ ಕುದಿಯಿತು. ಹಳೆಯ ಐದು ಹಲಗೆಗಳಿಂದ ಕಾಶವ್ವನಿಗೆ ಅಡುಗೆಯ ಖೋಲಿಯಲ್ಲಿ ಡಬ್ಬಿ ಇಡುವ ಫಳಿ ಆಯಿತು. ಅಂಟಿಸುವಾಗ ಒಂದೊಂದು ಸಂದಿಯ ಮೇಲೂ ಅಣವೀರಪ್ಪ ಉಗುರು ಎಳೆದು ನೋಡುತ್ತಿದ್ದ. ಎಲ್ಲಿಯೂ ತಡೆಯಲಿಲ್ಲ.

"ಹ್ಯಾಂಗದ?" ಎಂದು ಚಂದ್ರಾಮ ಕೇಳಿದರೆ, "ಸಂದು ಸಿಗವಲ್ದು," ಎನ್ನುತ್ತಿದ್ದ. ಕಾರಖಾನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಶನಿವಾರ ದೀಪ ಹಚ್ಚುವ ಹೊತ್ತಿಗೆ ಭೋಂಗಾ ಎದ್ದು ನಿಂತಿತು. ದೊಡ್ಡ ಯಂತ್ರವೇನೂ ಬೇಡ ಎಂದ ಚಂದ್ರಾಮ. ಮನೆಯ ಸಣ್ಣ ಟ್ರಾನ್ಸಿಸ್ಟರಿನ ವೈರನ್ನು ಥೇಟರಿನ ಆ ಸ್ಪೀಕರಿಗೆ ಜೋಡಿಸಿದ. ಆ ಹೊತ್ತಿಗೆ ಧಾರವಾಡ ಸ್ಟೇಶನ್ ಸಿಗುತ್ತಿತ್ತು. ಟ್ರಾನ್ಸಿಸ್ಟರಿನಲ್ಲಿ ಅದು ಸೊಳ್ಳೆಯ ದನಿಯಷ್ಟೇ ಕೇಳುವುದು. ಚಂದ್ರಾಮ ಮುಳ್ಳು ತಿರುಗಿಸಿದ. ಗೊರಗೊರ ಎಂದಿತು. ಆಮೇಲೆ ಒಬ್ಬ ಮನುಷ್ಯ ಖೋಲಿಯೊಳಗೆ ಬಂದು ನಿಂತು ಗಂಟಲು ಸರಿಮಾಡಿಕೊಂಡ.

ಹಾಲವ್ವ ತನಗರಿವಿಲ್ಲದೆ ತಲೆಗೆ ಸೆರಗೆಳೆದುಕೊಂಡಳು.

ಆ ಮನುಷ್ಯ ಪೇಟೆಯ ಧಾರಣೆ ಓದಿದ. ಹುಬ್ಬಳ್ಳಿಯ ಹತ್ತಿ, ಬ್ಯಾಡಗಿಯ ಮೆಣಸಿನಕಾಯಿ, ವಿಜಾಪುರದ ಬಿಳಿಜೋಳ. ಒಂದು ಹಾಳೆ ಮುಗಿದು ಇನ್ನೊಂದು ಹಾಳೆ ತಿರುವಿದ್ದು ಕೇಳಿಸಿತು. ನಡುವೆ ಉಗುಳು ನುಂಗಿದ್ದೂ ಕೇಳಿಸಿತು.

"ಬಿಳಿಜ್ವಾಳಕ್ಕ ಅಷ್ಟಾತೇನು!" ಎಂದು ಹಾಲವ್ವ ಅವನಿಗೇ ಕೇಳಿದಳು.

"ಸಾವಕಾಶ, ಆಜೀ, ಅಂವಾ ಓದ್ಲಿಕತ್ತಾನ," ಎಂದಳು ಶೀಲಾವತಿ. ಎಲ್ಲರೂ ನಕ್ಕರು.

ಗ್ಯಾಲರಿಯಲ್ಲಿ ಜನ ಕೂಡಿದರು. ಕನ್ನಡ ಒಂದಕ್ಷರ ತಿಳಿಯದ ಇಂದ್ರಾಬಾಯಿ ಹೊಸ್ತಿಲ ಮೇಲೆ ಕೂತು ಮೆಣಸಿನಕಾಯಿಯ ದರ ಕೊನೆಯ ತನಕ ಕೇಳಿ, "ಚಾಂಗಲಾ ಮಾಣೂಸ ಆಹೇ," ಎಂದಳು. ಒಳ್ಳೆಯ ಮನುಷ್ಯ. ಚಂದ್ರಾಮ ಯಾರನ್ನೂ ನೋಡುತ್ತಿರಲಿಲ್ಲ. ತನ್ನ ಎರಡೂ ಅಂಗೈ ಪೆಟ್ಟಿಗೆಯ ಮೈಗೆ ಒತ್ತಿ ನಿಂತಿದ್ದ. ಅಣವೀರಪ್ಪ ಆ ಕೈಗಳನ್ನು ನೋಡುತ್ತಿದ್ದ. ಮಂಜು ಮಂಜಾಗಿ ಕಂಡರೂ ಅವು ಯಾರ ಕೈಗಳ ಹಾಗಿದ್ದವೆಂದು ಅವನಿಗೆ ತಿಳಿಯುತ್ತಿತ್ತು. ಇಷ್ಟೆಲ್ಲ ಸಿಕ್ಕಿತಲ್ಲ ಎಂದುಕೊಂಡ. ಬೇಡಿಕೊಂಡಿರಲಿಲ್ಲ; ಸಿಕ್ಕಿತು.

ಮುಂದಿನ ತಿಂಗಳು ಚಂದ್ರಾಮ ರಜೆ ಹಾಕಿ, ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಡಗಣ್ಣಿನ ಪರೆ ತೆಗೆಸಿದ. ಕಣ್ಣಿಗೆ ಕಟ್ಟಿದ ಬಟ್ಟೆ ಬಿಚ್ಚಿದ ದಿನ ಅಣವೀರಪ್ಪ ದಪ್ಪ ಕನ್ನಡಕ ಹಾಕಿಕೊಂಡು ಮನೆಗೆ ಬಂದು, ಎರಡೂ ಉಕ್ಕಿನ ಪಟ್ಟಿಗಳನ್ನು ಬೆಳಕಿಗೆ ಹಿಡಿದು ಮೂಲೆಯ ಸಣ್ಣಕ್ಷರ ಓದಿದ. ದೊಡ್ಡದಕ್ಕೆ ಕೆಂಪು ದಾರ ಸುತ್ತಿ ತಳಕ್ಕಿಟ್ಟ. ಆಮೇಲೆ ಪೆಟ್ಟಿಗೆಯನ್ನು ಮಗನ ಕಡೆ ತಳ್ಳಿದ. "ಇನ್ನ ಇದು ನಿಂದು," ಎಂದ.

ಪಟ್ಟಿಯ ತಪ್ಪು ಹದಿನಾಲ್ಕು ದಿನ ಮೊದಲೇ ಗೊತ್ತಾಗಿತ್ತು, ಮಗ ದಿನಾ ಸಂಜೆ ಬಂದು ಪಕ್ಕದಲ್ಲಿ ಕೂರಲಿ ಎಂದೇ ತಾನು ಸುಮ್ಮನಿದ್ದೆ ಎಂಬುದನ್ನು ಮಾತ್ರ ಅಣವೀರಪ್ಪ ಅವನಿಗೆ ಎಂದೂ ಹೇಳಲಿಲ್ಲ.